ಗ್ಲಾಕೋಮಾ ಹನಿ ಮತ್ತು ರೆಟಿನಾ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ರಾಜ್ಯದ ಎಲ್ಲ ಕಣ್ಣಿನ ವೈದ್ಯರ ಗಮನಕ್ಕೆ

ಮಾನ್ಯರೇ,

ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಷರ್ ಹೆಚ್ಚಾಗಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಅದಕ್ಕೆ ಹಾಕುವ ಕೆಲವು ಹನಿಗಳಿಂದ ಅಪರೂಪಕ್ಕೆ ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರಕ್ಕೆ, ತೊಂದರೆ ಆಗುತ್ತದೆ. ಯಾವ ಥರದ ಕಣ್ಣಿಗೆ ಆಗುವ ಸಾಧ್ಯತೆ ಜಾಸ್ತಿ ಅನ್ನುವುದು ವೈದ್ಯರಿಗೆ ಮೊದಲೇ ಗೊತ್ತು. ಹನಿಯ ಡಬ್ಬಿಯೊಳಗಿನ ಚೀಟಿಯಲ್ಲೂ ಬರೆದಿದೆ. ಆದರೆ ಹನಿ ಹಾಕಿಕೊಳ್ಳುವ ರೋಗಿಗೆ ಮಾತ್ರ ಯಾರೂ ಹೇಳುವುದಿಲ್ಲ. ಇದನ್ನು ಸರಿಪಡಿಸುವ ಅಧಿಕಾರ ತಮ್ಮ ಇಲಾಖೆಗೆ ಇದೆ, ಅದಕ್ಕೆ ಜಾಸ್ತಿ ಖರ್ಚೂ ಇಲ್ಲ. ಆದ್ದರಿಂದ ತಮಗೇ ಬರೆಯುತ್ತಿದ್ದೇನೆ.

ಮುಂದೆ ಹೋಗುವ ಮೊದಲು ಈ ಪತ್ರ ಓದುವ ರೋಗಿಗಳಿಗೆ ಒಂದು ಮಾತು. ದಯವಿಟ್ಟು ಯಾರೂ ಇದನ್ನು ಓದಿ ಹನಿ ನಿಲ್ಲಿಸಬೇಡಿ. ಗ್ಲಾಕೋಮಾದಲ್ಲಿ ಒಮ್ಮೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಹೋಗದ ಹಾಗೆ ತಡೆಯುವುದು ಈ ಹನಿಗಳೇ. ನಾನು ಹೇಳುತ್ತಿರುವ ತೊಂದರೆ ಬಹಳ ಕಡಿಮೆ ಜನಕ್ಕೆ ಆಗುವಂಥದ್ದು. ಬೇಗ ಗೊತ್ತಾದರೆ ಹೆಚ್ಚಿನವರಿಗೆ ವಾಸಿಯೂ ಆಗುತ್ತದೆ. ಅನುಮಾನ ಬಂದರೆ ವೈದ್ಯರ ಹತ್ತಿರ ಹೋಗಿ, ಹನಿ ಬದಲಿಸಬೇಕೇ ಎಂದು ಕೇಳಿ. ನೀವಾಗಿಯೇ ಬಿಡಬೇಡಿ.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನನ್ನ ಅಮ್ಮನಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಕೆಲವು ವರ್ಷಗಳ ಹಿಂದೆ ಅವರ ಎಡಗಣ್ಣಿಗೆ ಪೊರೆ ಆಪರೇಷನ್ ಆಯಿತು. ಆಪರೇಷನ್ ನಡೆಯುವಾಗ ಲೆನ್ಸ್ ಕೂರಿಸುವ ತೆಳು ಚೀಲದ ಹಿಂದಿನ ಪದರ ಹರಿಯಿತು. ಎಷ್ಟು ನುರಿತ ಸರ್ಜನ್ ಆದರೂ ಒಮ್ಮೊಮ್ಮೆ ಹೀಗಾಗುತ್ತದೆ. ಅದರ ಬಗ್ಗೆ ನನಗೆ ದೂರಿಲ್ಲ. ಅವರು ಪರಿಸ್ಥಿತಿಯನ್ನು ಚೆನ್ನಾಗಿ ನಿಭಾಯಿಸಿದರು, ಲೆನ್ಸನ್ನೂ ಕೂರಿಸಿದರು. ಅಮ್ಮನಿಗೆ ಕಣ್ಣು ಚೆನ್ನಾಗಿಯೇ ಕಾಣಿಸಿತು. ಡಿಸ್ಚಾರ್ಜ್ ಕಾರ್ಡಿನ ಒಂದು ಮೂಲೆಯಲ್ಲಿ ‘ಪಿ.ಸಿ. ರೆಂಟ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಪದರ ಹರಿದಿದೆ ಅನ್ನುವುದಕ್ಕೆ ಅವರು ಬರೆಯುವ ರೀತಿ ಅದು. ಬಾಯಿಮಾತಿನಲ್ಲಿ ನಮಗೆ ಏನೂ ಹೇಳಲಿಲ್ಲ. ನಾವು ಕಾರ್ಡನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಇಟ್ಟೆವು.

ಆಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ಅಮ್ಮನಿಗೆ ಗ್ಲಾಕೋಮಾ ಇದೆ ಎಂದು ಗೊತ್ತಾಯಿತು. ದಿನಕ್ಕೊಂದು ಸಲ, ರಾತ್ರಿ, ಎರಡೂ ಕಣ್ಣಿಗೆ ಲ್ಯಾಟಾನೋಪ್ರಾಸ್ಟ್ ಹನಿ ಬರೆದುಕೊಟ್ಟರು. ರೆಪ್ಪೆಗೂದಲು ಉದ್ದವಾಗಬಹುದು, ಕಣ್ಣು ಸ್ವಲ್ಪ ಕೆಂಪಾಗಬಹುದು ಎಂದು ಹೇಳಿದರು. ಹಿಂದಿನ ಆಪರೇಷನ್ ಹೇಗಾಗಿತ್ತು ಎಂದು ಕೇಳಲಿಲ್ಲ. ಕಣ್ಣಿನ ಪ್ರೆಷರ್ ಚೆನ್ನಾಗಿ ಇಳಿಯಿತು. ಕೆಲವು ತಿಂಗಳಾದ ಮೇಲೆ ಅಮ್ಮ ಪೇಪರ್ ಓದುವಾಗ ಎಡಗಣ್ಣಿನಲ್ಲಿ ಸಾಲು ಸೊಟ್ಟ ಕಾಣುತ್ತದೆ, ನಡುವೆ ಮಬ್ಬು ಅನ್ನತೊಡಗಿದರು. ಆಸ್ಪತ್ರೆಗೆ ಹೋದರೆ ಪ್ರೆಷರ್ ನೋಡಿ ‘ಕಂಟ್ರೋಲಿನಲ್ಲಿದೆ’ ಎಂದರು. ಕನ್ನಡಕದ ನಂಬರ್ ಬದಲಾಗಿರಬೇಕು ಎಂದರು. ಹೊಸ ಕನ್ನಡಕ ಬಂತು, ಸಾಲು ಸೊಟ್ಟ ಕಾಣುವುದು ಹೋಗಲಿಲ್ಲ. ವಯಸ್ಸಾಯಿತಲ್ಲ ಎಂದರು.

ಕೊನೆಗೆ ರೆಟಿನಾ ವೈದ್ಯರೊಬ್ಬರು ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿದರು. ಮ್ಯಾಕುಲಾದಲ್ಲಿ, ಅಂದರೆ ನಾವು ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬಳಸುವ ರೆಟಿನಾದ ನಟ್ಟನಡುವಿನ ಜಾಗದಲ್ಲಿ ನೀರು ತುಂಬಿ ಊದಿತ್ತು. ಇದಕ್ಕೆ ಸಿಸ್ಟಾಯ್ಡ್ ಮ್ಯಾಕುಲರ್ ಎಡೀಮಾ ಅನ್ನುತ್ತಾರೆ. ಅವರು ಕೇಳಿದ ಮೊದಲ ಪ್ರಶ್ನೆ, ಯಾವ ಹನಿ ಹಾಕುತ್ತಿದ್ದೀರಿ? ಎರಡನೆಯದು, ಪೊರೆ ಆಪರೇಷನ್ನಿನ ಹಳೇ ಕಾರ್ಡ್ ಇದೆಯಾ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಆ ಕಣ್ಣಿಗೆ ಲ್ಯಾಟಾನೋಪ್ರಾಸ್ಟ್ ನಿಲ್ಲಿಸಿದರು. ಪ್ರೆಷರ್‌ಗೆ ಬೇರೆ ಗುಂಪಿನ ಹನಿ ಬರೆದರು, ಊತಕ್ಕೆ ಉರಿಯೂತ ಕಡಿಮೆ ಮಾಡುವ ಹನಿ ಕೊಟ್ಟರು. ವಾರಗಳು ಕಳೆದಂತೆ ಊತ ಇಳಿಯಿತು. ದೃಷ್ಟಿ ಬಹುಪಾಲು ತಿರುಗಿ ಬಂತು. ಪೂರ್ತಿ ಬರಲಿಲ್ಲ. ಊತ ಬಹಳ ದಿನ ಇದ್ದರೆ ಸ್ವಲ್ಪ ಹಾನಿ ಶಾಶ್ವತವಾಗಿ ಉಳಿಯುತ್ತದೆ ಎಂದು ಆ ವೈದ್ಯರು ವಿವರಿಸಿದರು.

ಮಾನ್ಯರೇ, ಬೇಕಾಗಿದ್ದ ಮಾಹಿತಿ ಎಲ್ಲವೂ ಕಾಗದದ ಮೇಲೆ ಇತ್ತು. ಒಂದು ಆಸ್ಪತ್ರೆಯ ಕಾರ್ಡಿನಲ್ಲಿ ಪದರ ಹರಿದ ವಿಷಯ, ಹನಿಯ ಡಬ್ಬಿಯೊಳಗಿನ ಚೀಟಿಯಲ್ಲಿ ಎಚ್ಚರಿಕೆ. ಲೆನ್ಸ್ ಇಲ್ಲದ ಕಣ್ಣು, ಕೃತಕ ಲೆನ್ಸ್ ಇದ್ದು ಹಿಂದಿನ ಪದರ ಹರಿದ ಕಣ್ಣು, ಮ್ಯಾಕುಲಾ ಊದುವ ಅಪಾಯ ಇರುವ ಕಣ್ಣು, ಇವುಗಳಲ್ಲಿ ಜಾಗ್ರತೆಯಿಂದ ಬಳಸಿ ಎಂದು ಆ ಚೀಟಿ ಹೇಳುತ್ತದೆ. ಸೂಜಿಮೊನೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಎರಡು ಕಾಗದವನ್ನೂ ಒಟ್ಟಿಗೆ ಓದುವುದು ಯಾರ ಕೆಲಸ ಎಂದು ಎಲ್ಲೂ ನಿಗದಿಯಾಗಿಲ್ಲ. ನನ್ನ ದೂರು ಇಷ್ಟೇ.

ಇದು ಹೇಗೆ ಆಗುತ್ತದೆ ಅನ್ನುವುದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಲ್ಯಾಟಾನೋಪ್ರಾಸ್ಟ್, ಟ್ರಾವೊಪ್ರಾಸ್ಟ್, ಬೈಮ್ಯಾಟೊಪ್ರಾಸ್ಟ್ ಇವೆಲ್ಲ ಒಂದೇ ಗುಂಪಿನವು. ನಮ್ಮ ದೇಹದಲ್ಲೇ ತಯಾರಾಗುವ ಪ್ರೋಸ್ಟಗ್ಲಾಂಡಿನ್ ಅನ್ನುವ ವಸ್ತುವನ್ನು ಹೋಲುತ್ತವೆ. ಕಣ್ಣೊಳಗಿನ ನೀರು ಹೊರಹೋಗುವ ದಾರಿಯನ್ನು ಸಡಿಲ ಮಾಡಿ ಪ್ರೆಷರ್ ಇಳಿಸುತ್ತವೆ. ಕಣ್ಣಿನ ಮುಂಭಾಗದಲ್ಲಿ ಉರಿಯೂತ ಹುಟ್ಟಿಸುವ ವಸ್ತುಗಳೂ ಇದರ ಜೊತೆಗೆ ಸ್ವಲ್ಪ ಹೆಚ್ಚಾಗಬಹುದು ಎಂದು ತಜ್ಞರು ಭಾವಿಸುತ್ತಾರೆ. ಪದರ ಗಟ್ಟಿಯಾಗಿದ್ದರೆ ಅವು ಮುಂಭಾಗದಲ್ಲೇ ಉಳಿಯುತ್ತವೆ. ಪದರ ಹರಿದಿದ್ದರೆ, ಬದು ಒಡೆದ ಗದ್ದೆಯ ನೀರಿನ ಹಾಗೆ ಹಿಂದಕ್ಕೆ ಹರಿದು ಮ್ಯಾಕುಲಾ ತಲುಪುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳು ಸೋರಿ ಊತ ಬರುತ್ತದೆ. ಹಿಂದೆ ಕಣ್ಣೊಳಗೆ ಉರಿಯೂತ ಆಗಿದ್ದವರು, ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾಗಿರುವವರು, ರೆಟಿನಾದ ರಕ್ತನಾಳ ಕಟ್ಟಿಕೊಂಡವರು, ಇವರಿಗೂ ಅಪಾಯ ಹೆಚ್ಚು. ಇಂಥ ಯಾವ ತೊಂದರೆಯೂ ಇಲ್ಲದ ಕಣ್ಣಿಗೆ ಹೀಗಾಗುವುದು ತೀರಾ ಅಪರೂಪ. ಹನಿ ಇಲ್ಲದೆಯೂ ಪೊರೆ ಆಪರೇಷನ್ ಆದ ಮೇಲೆ ಊತ ಬರುವುದುಂಟು. ಹಾಗಾಗಿ ಪ್ರತಿ ಸಲ ಹನಿಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅಪಾಯದ ಕಣ್ಣನ್ನು ಮೊದಲೇ ಗುರುತಿಸಿ ಅಂತಿದ್ದೇನೆ.

ಇದು ಹೊಸ ವಿಷಯವೂ ಅಲ್ಲ. ಹಿಂದೆ ಗ್ಲಾಕೋಮಾಕ್ಕೆ ಎಪಿನೆಫ್ರಿನ್ ಹನಿ ಕೊಡುತ್ತಿದ್ದರು. ಪೊರೆ ತೆಗೆದು ಲೆನ್ಸ್ ಇಲ್ಲದ ಕಣ್ಣಿನಲ್ಲಿ ಅದು ಮ್ಯಾಕುಲಾ ಊದಿಸುತ್ತದೆ, ನಿಲ್ಲಿಸಿದರೆ ಊತ ಇಳಿಯುತ್ತದೆ ಎಂದು 1960ರ ದಶಕದಲ್ಲೇ ವೈದ್ಯರು ಬರೆದಿದ್ದರು. ಲ್ಯಾಟಾನೋಪ್ರಾಸ್ಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಕೆಲವೇ ವರ್ಷಗಳಲ್ಲಿ ಅದರ ಬಗ್ಗೆಯೂ ಅಂಥದೇ ವರದಿಗಳು ಬಂದವು. ಅಷ್ಟು ವರ್ಷದಿಂದ ವೈದ್ಯಲೋಕಕ್ಕೆ ಗೊತ್ತಿರುವ ವಿಷಯ ನಮ್ಮ ಊರಿನ ರೋಗಿಯ ಕಿವಿಗೆ ಇನ್ನೂ ಬಿದ್ದಿಲ್ಲ ಅಂದರೆ, ತಪ್ಪು ವಿಜ್ಞಾನದ್ದಲ್ಲ ಅಲ್ವಾ?

ಪೈಲೋಕಾರ್ಪಿನ್ ಹನಿಯದು ಬೇರೆ ಕಥೆ. ಅದು ಗ್ಲಾಕೋಮಾದ ಅತಿ ಹಳೇ ಔಷಧಗಳಲ್ಲೊಂದು, 1870ರ ದಶಕದಿಂದ ಬಳಕೆಯಲ್ಲಿದೆ. ಪಾಪೆಯನ್ನು ಚಿಕ್ಕದು ಮಾಡುತ್ತದೆ, ಕಣ್ಣೊಳಗಿನ ಸ್ನಾಯುವನ್ನು ಬಿಗಿಯುತ್ತದೆ. ಆ ಬಿಗಿತದ ಎಳೆತ ಒಮ್ಮೊಮ್ಮೆ ರೆಟಿನಾದ ಅಂಚಿಗೆ ತಟ್ಟುತ್ತದೆ. ಜಾಸ್ತಿ ಮೈನಸ್ ನಂಬರ್ ಇರುವವರ ರೆಟಿನಾ ಅಂಚು ಮೊದಲೇ ತೆಳುವಾಗಿರುತ್ತದೆ. ಅಂಥವರಿಗೆ ರೆಟಿನಾ ಹರಿದು ಕಳಚಿಕೊಂಡ ಪ್ರಕರಣಗಳು ವರದಿಯಾಗಿವೆ. ಆದ್ದರಿಂದಲೇ ಈ ಹನಿ ಶುರು ಮಾಡುವ ಮೊದಲು ಪಾಪೆ ಹಿಗ್ಗಿಸಿ ರೆಟಿನಾವನ್ನು ಅಂಚಿನ ತನಕ ನೋಡಬೇಕು ಎಂದು ಹೇಳುತ್ತಾರೆ. ರೆಟಿನಾ ವಿಭಾಗದ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿದ್ದ ಹಿರಿಯರೊಬ್ಬರು ದಪ್ಪ ಮೈನಸ್ ಕನ್ನಡಕದವರು. ಈ ಹನಿ ಹಾಕುತ್ತಿದ್ದಾಗ ಕಣ್ಣಲ್ಲಿ ಮಿಂಚು ಹೊಡೆದ ಹಾಗಾಯಿತು, ಕಪ್ಪು ಚುಕ್ಕೆಗಳು ತೇಲಿದವು, ಆಮೇಲೆ ಒಂದು ಬದಿಯಿಂದ ಪರದೆ ಇಳಿದಂತೆ ಕತ್ತಲಾಯಿತು ಎಂದರು. ಹನಿಯಿಂದಲೇ ಹೀಗಾಯಿತು ಎಂದು ವೈದ್ಯರೂ ಖಚಿತವಾಗಿ ಹೇಳಲಿಲ್ಲವಂತೆ. ಆದರೆ ಮಿಂಚು ಕಂಡ ದಿನವೇ ಬರಬೇಕಿತ್ತು ಎಂದು ತನಗೆ ಯಾರೂ ಹೇಳಿರಲಿಲ್ಲ ಎಂದು ಅವರು ಬೇಸರ ಮಾಡಿಕೊಂಡರು. ಆ ಒಂದು ಮಾತು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು?

ಪೈಲೋಕಾರ್ಪಿನ್ ವಿಷಯ ಈಗ ಗ್ಲಾಕೋಮಾ ರೋಗಿಗಳಿಗಷ್ಟೇ ಸೀಮಿತವಾಗಿಲ್ಲ. ನಲವತ್ತು ದಾಟಿದವರಿಗೆ ಹತ್ತಿರದ್ದು ಕಾಣಲಿ ಎಂದು ಇದೇ ಔಷಧವನ್ನು ಅಮೆರಿಕದಲ್ಲಿ 2021ರಲ್ಲಿ ಒಪ್ಪಿದರು. ಬಳಕೆ ಶುರುವಾದ ಮೇಲೆ ರೆಟಿನಾ ಹರಿದ ವರದಿಗಳು ಬಂದವು. ನಮ್ಮ ದೇಶದಲ್ಲೂ 2024ರ ಆಗಸ್ಟ್‌ನಲ್ಲಿ ಅಂಥ ಒಂದು ಹನಿಗೆ ಅನುಮತಿ ಸಿಕ್ಕಿತು. ಕನ್ನಡಕವೇ ಬೇಡ ಎಂಬಂಥ ಪ್ರಚಾರ ಎಲ್ಲೆಡೆ ಹಬ್ಬಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆ ಪ್ರಚಾರದ ಕಾರಣಕ್ಕೇ ಅನುಮತಿಯನ್ನು ಅಮಾನತು ಮಾಡಿದರು. ಆ ದಿನಗಳಲ್ಲಿ ನಮ್ಮ ನೆಂಟರಿಷ್ಟರ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಆ ಸುದ್ದಿ ಓಡಾಡಿತು. ರೆಟಿನಾದ ಮಾತನ್ನು ಎತ್ತಿದವರನ್ನು ನಾನು ಕಾಣಲಿಲ್ಲ.

ಇನ್ನೊಂದನ್ನೂ ಸೇರಿಸುತ್ತೇನೆ. ಗ್ಲಾಕೋಮಾ ಆಪರೇಷನ್ ಆದವರಿಗೆ ಟಿಮೊಲಾಲ್‌ನಂಥ, ಕಣ್ಣೊಳಗಿನ ನೀರಿನ ಉತ್ಪತ್ತಿಯನ್ನೇ ಕಡಿಮೆ ಮಾಡುವ ಔಷಧ ಮತ್ತೆ ಶುರು ಮಾಡಿದಾಗ ರೆಟಿನಾದ ಹಿಂದಿನ ಕೋರಾಯ್ಡ್ ಪದರ ಕಳಚಿಕೊಂಡದ್ದೂ ಉಂಟು. ಅದೂ ಅಪರೂಪ. ಅದರ ಎಚ್ಚರಿಕೆಯೂ ಚೀಟಿಯಲ್ಲೇ ಉಳಿದಿದೆ.

ವೈದ್ಯರ ಮಾತನ್ನೂ ನಾನು ಕೇಳಿದ್ದೇನೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಸರ್ಕಾರಿ ಕಣ್ಣಿನ ವಿಭಾಗದಲ್ಲಿ ಬೆಳಗ್ಗೆಯಿಂದ ಸಾಲು ನಿಂತಿರುತ್ತದೆ. ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ದೇಶದಲ್ಲಿ ನಲವತ್ತು ದಾಟಿದವರಲ್ಲಿ ಸುಮಾರು 1.1 ಕೋಟಿ ಜನಕ್ಕೆ ಗ್ಲಾಕೋಮಾ ಇದೆ ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ಇಂಥದ್ದರಲ್ಲಿ ಅಪರೂಪದ ಸೈಡ್ ಎಫೆಕ್ಟ್ ಹೇಳಿದರೆ ಜನ ಹೆದರಿ ಹನಿ ಬಿಡುತ್ತಾರೆ ಎಂದು ಅವರು ಅನ್ನುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಗ್ಲಾಕೋಮಾ ಹೆಚ್ಚಿನವರಿಗೆ ನೋಯಿಸುವುದಿಲ್ಲ, ಹನಿ ಹಾಕಿದರೆ ದೃಷ್ಟಿ ಹೆಚ್ಚುವುದೂ ಇಲ್ಲ. ಏನೂ ಹೇಳದಿದ್ದರೂ ಜನ ಬಿಡುತ್ತಿದ್ದಾರೆ. ಹೇಳದೆ ಇದ್ದು ತೊಂದರೆ ಬಂದಾಗ ಆಗುವುದು ಇನ್ನೂ ದೊಡ್ಡ ನಷ್ಟ. ಮ್ಯಾಕುಲಾ ಊತ ಹನಿಯಿಂದ ಬಂದಿರಬಹುದು ಎಂದು ತಿಳಿದ ದಿನ ಅಮ್ಮ ‘ಇನ್ನು ಯಾವ ಹನಿಯೂ ಬೇಡ’ ಎಂದು ಹಟ ಹಿಡಿದರು. ಮೊದಲೇ ಹೇಳಬಹುದಿತ್ತಲ್ಲ, ಸುಮ್ನೆ ಯಾಕೆ ಮುಚ್ಚಿಟ್ಟರು ಅನ್ನುವುದು ಅವರ ಸಿಟ್ಟು. ಹೊಸ ಹನಿ ಹಾಕಿಸುವಷ್ಟರಲ್ಲಿ ಮನೆಯವರೆಲ್ಲ ಹೈರಾಣಾದೆವು. ಆ ಹಟ ಗೆದ್ದಿದ್ದರೆ ಊತದಿಂದ ಉಳಿದ ದೃಷ್ಟಿಯನ್ನು ಗ್ಲಾಕೋಮಾ ತಿನ್ನುತ್ತಿತ್ತು.

ಇನ್ನೂ ಒಂದು ವಿಷಯವನ್ನು ತಪಾಸಣೆ ಮಾಡುವ ಎಲ್ಲರೂ ಗಮನಿಸಬೇಕು. ಗ್ಲಾಕೋಮಾ ಸಾಮಾನ್ಯವಾಗಿ ಪಕ್ಕದ ನೋಟವನ್ನು ಮೊದಲು ಕಸಿಯುತ್ತದೆ, ನಡುವಿನ ನೋಟ ಕೊನೆಗೆ ಹೋಗುತ್ತದೆ. ಪ್ರೆಷರ್ ಹತೋಟಿಯಲ್ಲಿರುವ ರೋಗಿ ನಡುವೆ ಮಬ್ಬು, ಗೆರೆ ಸೊಟ್ಟ ಅಂದರೆ ಅದನ್ನು ಗ್ಲಾಕೋಮಾದ ಲೆಕ್ಕಕ್ಕೋ ವಯಸ್ಸಿನ ಲೆಕ್ಕಕ್ಕೋ ಹಾಕಿ ಕಳಿಸಬಾರದು. ಪ್ರೆಷರ್ ಸರಿ ಇದೆ ಅನ್ನುವ ಸಮಾಧಾನವೇ ಅಮ್ಮನ ವಿಷಯದಲ್ಲಿ ತಿಂಗಳುಗಟ್ಟಲೆ ತಡ ಮಾಡಿತು.

ವರದಿ ಮಾಡುವ ವ್ಯವಸ್ಥೆಯ ಬಗ್ಗೆಯೂ ಹೇಳಲೇಬೇಕು. ಔಷಧಗಳ ಅಡ್ಡಪರಿಣಾಮ ದಾಖಲಿಸಲು ನಮ್ಮ ದೇಶದಲ್ಲಿ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. 1800-180-3024 ಅನ್ನುವ ಉಚಿತ ಸಹಾಯವಾಣಿ ಇದೆ. ವೈದ್ಯರಷ್ಟೇ ಅಲ್ಲ, ರೋಗಿಯೂ ಮನೆಯವರೂ ವರದಿ ಕೊಡಬಹುದು. ಅನೇಕ ಮೆಡಿಕಲ್ ಕಾಲೇಜುಗಳಲ್ಲಿ ಇದರ ಕೇಂದ್ರಗಳಿವೆ. ಇಷ್ಟೆಲ್ಲ ಇದ್ದೂ, ಅಮ್ಮನನ್ನು ಕರೆದುಕೊಂಡು ಹೋದ ಯಾವ ಕಣ್ಣಾಸ್ಪತ್ರೆಯ ಗೋಡೆಯಲ್ಲೂ ಆ ನಂಬರ್ ನನಗೆ ಕಾಣಲಿಲ್ಲ. ಅಮ್ಮನಿಗಾದದ್ದನ್ನು ವರದಿ ಮಾಡಿದ್ದೀರಾ ಎಂದು ಕೇಳಿದಾಗ ಇದು ಗೊತ್ತಿರುವ ಸೈಡ್ ಎಫೆಕ್ಟ್, ವರದಿ ಯಾಕೆ ಎಂಬ ಉತ್ತರ ಬಂತು. ಗೊತ್ತಿರುವುದು ಪುಸ್ತಕಕ್ಕೆ. ನಮ್ಮ ರಾಜ್ಯದಲ್ಲಿ ಎಷ್ಟು ಜನಕ್ಕೆ, ಎಂಥ ಕಣ್ಣಿಗೆ, ಯಾವ ಹನಿಯಿಂದ ಆಗುತ್ತಿದೆ ಎಂದು ಲೆಕ್ಕ ಸಿಗಬೇಕಾದರೆ ಪ್ರತಿಯೊಂದೂ ದಾಖಲಾಗಬೇಕು. ದಾಖಲಾಗದ ತೊಂದರೆ ಇದ್ದದ್ದಕ್ಕಿಂತ ಅಪರೂಪವಾಗಿಯೇ ಕಾಣುತ್ತದೆ.

ಈಗ ನನ್ನ ಬೇಡಿಕೆಗಳು. ಔಷಧಕ್ಕೆ ಒಪ್ಪಿಗೆ ಕೊಡುವುದು, ಚೀಟಿಯ ಭಾಷೆ ನಿರ್ಧರಿಸುವುದು ದೆಹಲಿಯ ಕೆಲಸ ಇರಬಹುದು. ಆದರೆ ನಮ್ಮ ಆಸ್ಪತ್ರೆಯ ಕಾರ್ಡಿನಲ್ಲಿ ಏನು ಬರೆಯಬೇಕು ಅನ್ನುವುದು ತಮ್ಮ ಕೈಯಲ್ಲಿದೆ.

ಎಲ್ಲಕ್ಕಿಂತ ಮೊದಲು ಪೊರೆ ಆಪರೇಷನ್ನಿನ ಡಿಸ್ಚಾರ್ಜ್ ಕಾರ್ಡಿನಲ್ಲಿ, ಸರ್ಕಾರಿ ಆಗಲಿ ಖಾಸಗಿ ಆಗಲಿ ಶಿಬಿರ ಆಗಲಿ, ದಪ್ಪ ಕನ್ನಡ ಅಕ್ಷರದಲ್ಲಿ ಒಂದು ಸಾಲು ಕಡ್ಡಾಯ ಮಾಡಿ: ‘ಲೆನ್ಸಿನ ಹಿಂದಿನ ಪದರ ಹರಿದಿದೆ / ಹರಿದಿಲ್ಲ. ಮುಂದೆ ಯಾವ ಕಣ್ಣಿನ ಔಷಧ ಶುರು ಮಾಡುವಾಗಲೂ ಈ ಕಾರ್ಡ್ ತೋರಿಸಿ.’ ಇದಕ್ಕೆ ಬೇಕಾಗುವುದು ಒಂದು ಸುತ್ತೋಲೆ. ಮುಚ್ಚಿಡುವ ವಿಷಯ ಇದಲ್ಲ, ಸರ್ಜನ್‌ಗೆ ಅವಮಾನವೂ ಅಲ್ಲ. ರೋಗಿ ಜೀವನಪೂರ್ತಿ ಇನ್ನೊಬ್ಬ ವೈದ್ಯರಿಗೆ ತೋರಿಸಬೇಕಾದ ಮಾಹಿತಿ.

ಎರಡನೆಯದು, ಗ್ಲಾಕೋಮಾ ಹನಿ ಬರೆದುಕೊಡುವ ಪ್ರತಿ ರೋಗಿಗೂ ಅಂಗೈಯಗಲದ ಒಂದು ಕನ್ನಡ ಕಾರ್ಡ್ ಕೊಡಿ. ಹನಿ ನಿಲ್ಲಿಸಬೇಡಿ ಅನ್ನುವುದು ಅದರ ಮೊದಲ ಸಾಲಾಗಿರಲಿ. ಗೆರೆ ಸೊಟ್ಟ ಕಂಡರೆ, ನಡುವೆ ಮಬ್ಬಾದರೆ ವಾರದೊಳಗೆ ಬನ್ನಿ. ಮಿಂಚು, ಹೊಸ ತೇಲುಚುಕ್ಕೆ, ಪರದೆ ಇಳಿದಂತೆ ಆದರೆ ಅದೇ ದಿನ ಬನ್ನಿ ಎಂದಿರಲಿ. ಹಿಂಬದಿಯಲ್ಲಿ ಆಮ್ಸ್ಲರ್ ಚೌಕ ಅಚ್ಚು ಹಾಕಿಸಿ. ಅದು ಚೌಕಳಿ ಗೆರೆಗಳ ನಡುವೆ ಒಂದು ಚುಕ್ಕೆ ಇರುವ ಚಿತ್ರ. ಓದುವ ಕನ್ನಡಕ ಹಾಕಿಕೊಂಡು ಒಂದೊಂದೇ ಕಣ್ಣು ಮುಚ್ಚಿ ಚುಕ್ಕೆಯನ್ನು ನೋಡಿದರೆ ಗೆರೆ ಬಾಗಿದೆಯೇ ಎಂದು ಮನೆಯಲ್ಲೇ ಗೊತ್ತಾಗುತ್ತದೆ. ಓದು ಬರಹ ಬಾರದವರೂ ಮಾಡಬಹುದು. ಎರಡೂ ಕಣ್ಣು ಬಿಟ್ಟು ನೋಡಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ದೋಷವನ್ನು ಮರೆಮಾಡುತ್ತದೆ, ಆದ್ದರಿಂದ ಒಂದೊಂದೇ ಕಣ್ಣು ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿಸಿ. ಆಶಾಕಿರಣ ಯೋಜನೆಯಲ್ಲಿ ಮನೆ ಮನೆಗೆ ಹೋಗಿ ಕಣ್ಣು ಪರೀಕ್ಷೆ ಮಾಡುವ ಏರ್ಪಾಡನ್ನು ತಮ್ಮ ಇಲಾಖೆಯೇ ಮಾಡಿದೆ. ಹಾಗೆ ಮನೆಗೆ ಹೋಗುವ ಕಾರ್ಯಕರ್ತೆಯರ ಚೀಲದಲ್ಲಿ ಈ ಕಾರ್ಡೂ ಇರಲಿ.

ವೈದ್ಯರಲ್ಲಿ ನನ್ನ ವಿನಂತಿ ಇದು. ಹನಿ ಬರೆಯುವ ಮೊದಲು ಹಳೇ ಕಾರ್ಡ್ ಕೇಳಿ. ಅಪಾಯ ಇರುವ ಕಣ್ಣಿಗೂ ಈ ಗುಂಪಿನ ಹನಿಯೇ ಬೇಕೆನಿಸಿದರೆ ಕೊಡಿ, ಆದರೆ ಶುರುವಿನಲ್ಲೊಮ್ಮೆ, ಕೆಲವು ವಾರಗಳ ನಂತರ ಒಮ್ಮೆ ಮ್ಯಾಕುಲಾ ನೋಡಿ. ಪೈಲೋಕಾರ್ಪಿನ್ ಬರೆಯುವ ಮೊದಲು ರೆಟಿನಾ ಅಂಚು ನೋಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಓಸಿಟಿ ಯಂತ್ರ ಇಲ್ಲದಿದ್ದರೆ ಅದನ್ನು ಒದಗಿಸುವುದು, ಇದ್ದರೆ ಅದು ಕೆಲಸ ಮಾಡುವಂತೆ ನೋಡಿಕೊಳ್ಳುವುದು ಸಚಿವರೇ ತಮ್ಮ ಜವಾಬ್ದಾರಿ. ಕಣ್ಣಿನ ಊತ ಖಚಿತಪಡಿಸಿಕೊಳ್ಳಲು ಹಳ್ಳಿಯ ರೋಗಿ ಬೆಂಗಳೂರಿನ ಬಸ್ ಹತ್ತುವ ಹಾಗಾಗಬಾರದು.

ಔಷಧ ಅಂಗಡಿಗಳ ಮೇಲೂ ಕಣ್ಣಿಡಬೇಕು. ಗ್ಲಾಕೋಮಾ ಹನಿಯ ಹಳೇ ಡಬ್ಬಿ ತೋರಿಸಿ ವರ್ಷಗಟ್ಟಲೆ ಅದನ್ನೇ ಕೊಂಡುಕೊಳ್ಳುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಕಣ್ಣನ್ನು ವೈದ್ಯರು ನೋಡಿ ಎಷ್ಟು ಕಾಲವಾಯಿತೋ. ಹನಿ ನಿರಾಕರಿಸಿ ಎಂದು ನಾನು ಕೇಳುವುದಿಲ್ಲ, ಹಾಗೆ ಮಾಡಿದರೆ ಅನಾಹುತವಾಗುತ್ತದೆ. ಕಳೆದ ತಪಾಸಣೆ ಯಾವಾಗ ಎಂದು ಕೇಳಿ, ಹೋಗಿ ಬನ್ನಿ ಎಂದು ಹೇಳುವ ಸೂಚನೆಯನ್ನು ರಾಜ್ಯದ ಔಷಧ ನಿಯಂತ್ರಣ ಇಲಾಖೆ ಕೊಡಲಿ. ಜೊತೆಗೆ ಆ ಸಹಾಯವಾಣಿಯ ನಂಬರನ್ನು ಪ್ರತಿ ಅಂಗಡಿಯ ಕೌಂಟರಿನ ಮೇಲೂ, ಪ್ರತಿ ಕಣ್ಣಾಸ್ಪತ್ರೆಯಲ್ಲೂ ಕನ್ನಡದಲ್ಲಿ ಹಾಕಿಸಿ.

ಈ ಎಲ್ಲವನ್ನೂ ಒಂದೇ ಸಲ ರಾಜ್ಯದ ತುಂಬ ಮಾಡಲು ಆಗದಿದ್ದರೆ ಒಂದು ಜಿಲ್ಲೆಯಲ್ಲಿ ಶುರು ಮಾಡಿ. ಡಿಸ್ಚಾರ್ಜ್ ಕಾರ್ಡಿನ ಆ ಒಂದು ಸಾಲನ್ನು ಮಾತ್ರ ತಡ ಮಾಡಬೇಡಿ, ಅದನ್ನು ಇಡೀ ರಾಜ್ಯಕ್ಕೆ ಈ ವರ್ಷವೇ ತನ್ನಿ. ಈ ಪತ್ರ ತಲುಪಿದೆ ಎಂಬ ಉತ್ತರಕ್ಕಿಂತ, ಆ ಸುತ್ತೋಲೆ ಯಾವ ದಿನ ಹೊರಡುತ್ತದೆ ಎಂಬ ಉತ್ತರವನ್ನು ತಮ್ಮ ಕಚೇರಿಯಿಂದ ನಿರೀಕ್ಷಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಗ್ಲಾಕೋಮಾ ರೋಗಿಯೊಬ್ಬರ ಮಗಳು,
ದಾವಣಗೆರೆ